ದೊರೆಮನೆಯ ಹೊಸಗೆ

ನನ್ನ ತಂಗಿಯನ್ನು ನಾವು ಕೊಟ್ಟಿರುವುದು ದೊರೆಮನೆಗೆ. ತೂಬಗೆರೆಯಿಂದ ಸ್ವಲ್ಪ ಒಳಕ್ಕೆ ಅವರ ಊರು. ಯಾವ ಕಾಲದಲ್ಲೋ ಆ ಮನೆಯವರು ಪಾಳೇಗಾರರಾಗಿದ್ದರಂತೆ. ನಾನು ದೊಡ್ಡಬಳ್ಳಾಪುರದ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಮಾಡುವವನು. ಹುಡುಕಿ ನೋಡಿದ್ದೇನೆ, ಒಂದು ಮುರುಕು ಶಾಸನದಲ್ಲೂ ಅವರು ನನಗೆ ಸಿಕ್ಕಿಲ್ಲ. ಆದರೂ ಊರವರು ತಂಗಿಯ ಗಂಡನನ್ನು ‘ದೊರೆ’ ಎಂದೇ ಕರೆಯುತ್ತಾರೆ, ಅವನೂ ಓಗೊಡುತ್ತಾನೆ. ಅರಮನೆ ಎಂದರೆ ಮುಂದೆ ಹಳೆಯ ಕಂಬಗಳ ಪಡಸಾಲೆ, ಹಿಂದೆ ಟೈಲ್ಸ್ ಹಾಕಿದ ಆರ್‌ಸಿಸಿ ಮನೆ, ಗೋಡೆಯ ಮೇಲೊಂದು ತುಕ್ಕು ಹಿಡಿದ ಕತ್ತಿ. ಆಯುಧಪೂಜೆಯ ದಿನ ಆ ಕತ್ತಿಗೂ ಅವನ ಬಿಳಿ ಕಾರಿಗೂ ಸೇರಿಸಿ ಒಂದೇ ಕುಂಬಳಕಾಯಿ ಒಡೆಯುತ್ತಾರೆ.

ವಯಸ್ಸಿನಲ್ಲಿ ನನಗಿಂತ ದೊಡ್ಡವನಾದ್ದರಿಂದ ಅವನು ನನಗೆ ಭಾವ. ದೇವನಹಳ್ಳಿ ಕಡೆ ಜಮೀನು ಮಾರಿಸಿ ಕೊಡಿಸಿ ನಾಲ್ಕು ಕಾಸು ಮಾಡಿಕೊಂಡ ಮೇಲೆ ಅವನಿಗೆ ರಾಜಕೀಯದ ಹುಚ್ಚು ಹತ್ತಿತು. ಜಿಲ್ಲಾ ಪಂಚಾಯಿತಿ ಚುನಾವಣೆ ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಬಿಳಿ ಅಂಗಿಗೆ ಗಂಜಿ ಹಾಕಿಸಿಕೊಂಡು ಕಾಯುತ್ತಿರುವ ನೂರಾರು ಜನರಲ್ಲಿ ಅವನೂ ಒಬ್ಬ. ಅವರಿಗೆ ಇರುವುದು ಒಬ್ಬಳೇ ಮಗಳು, ಏಳನೇ ಕ್ಲಾಸು. ದಿನಾ ಊರಿನ ಕ್ರಾಸಿನಲ್ಲಿ ನಿಂತು ದೇವನಹಳ್ಳಿಯ ಶಾಲೆಯ ಬಸ್ಸು ಹತ್ತುತ್ತಾಳೆ. ಮಾತು ಕಡಿಮೆ. ಅಪ್ಪನ ಹಿಂದೆ ಸದಾ ಇರುವ ಹತ್ತು ಜನರನ್ನು ಕಂಡರೆ ಪುಸ್ತಕ ಎತ್ತಿಕೊಂಡು ಮಾಳಿಗೆ ಮೇಲೆ ಹೋಗಿಬಿಡುತ್ತಾಳೆ.

ಅವಳು ಮೈನೆರೆದ ಸುದ್ದಿಯನ್ನು ತಂಗಿ ಫೋನಿನಲ್ಲಿ ಪಿಸುಗುಟ್ಟಿದಳು. “ಅಣ್ಣ, ನಿನ್ ಸೊಸೆ ದೊಡ್ಡೋಳಾದ್ಲು. ಭಾನುವಾರ ಹೊಸಗೆ ಇಟ್ಕೊಂಡಿದೀವಿ. ಗುಡ್ಲಿಗೆ ಸೊಪ್ಪು ತರ್ಬೇಕು ನೀನು.”

ನಮ್ಮ ಕಡೆ ಹೆಣ್ಣುಮಗು ಮೈನೆರೆದರೆ ಸೋದರಮಾವ ಹೋಗಿ ಹಸಿ ಸೊಪ್ಪಿನ ಗುಡ್ಲು ಹಾಕಬೇಕು. ಅತ್ತಿ, ಹಲಸು, ಹೊಂಗೆಯ ಕೊಂಬೆ ತಂದು ಮೂಲೆಯಲ್ಲೊಂದು ಪುಟ್ಟ ಗುಡಿಸಲು ಕಟ್ಟಿ, ಮಗುವನ್ನು ಅದರಲ್ಲಿ ಕೂರಿಸುತ್ತಾರೆ. ಹೆಂಗಸರು ಸೋಬಾನೆ ಹೇಳುತ್ತಾರೆ, ಚಿಗಳಿ ಉಂಡೆ, ಕೊಬ್ಬರಿ ತಿನ್ನಿಸುತ್ತಾರೆ. ಗಂಡಸರಿಗೆ ಅಲ್ಲಿ ಕೆಲಸವಿಲ್ಲ. ಗುಡ್ಲು ಕಟ್ಟಿದ ಮೇಲೆ ಸೋದರಮಾವನೂ ಹೊರಗೆ ಬಂದು ಜಗಲಿಯಲ್ಲಿ ಕೂರಬೇಕಾದವನೇ. ಇದೆಲ್ಲ ಬೇಕೋ ಬೇಡವೋ ಎಂದು ನನ್ನ ಹೆಂಡತಿ ವಾದ ಮಾಡುತ್ತಾಳೆ, ಅವಳ ಮಾತಿನಲ್ಲಿ ನ್ಯಾಯವಿದೆ. ಆದರೆ ಮಗುವನ್ನು ಸೊಪ್ಪಿನ ಮರೆಯಲ್ಲಿ ಕೂರಿಸುವುದನ್ನು ಕಂಡುಹಿಡಿದವರಿಗೆ ಮರೆ ಎಂದರೆ ಏನೆಂದಾದರೂ ಗೊತ್ತಿತ್ತು.

ತಂಗಿ ಮಾತು ಮುಗಿಸಿದ ಮೇಲೆ ಹುಡುಗಿ ಫೋನ್ ತೆಗೆದುಕೊಂಡಳು. “ಮಾವ, ನಮ್ ಸ್ಕೂಲ್ ಬಸ್ಸಲ್ಲಿ ಯಾರ್ಗೂ ಗೊತ್ತಾಗ್ಬಾರ್ದು. ಅಪ್ಪಂಗೆ ಹೇಳು. ನಾನು ಹೇಳಿದ್ರೆ ನಗ್ತಾರೆ” ಎಂದಳು. ಹೇಳುತ್ತೇನೆ ಎಂದೆ. ಆ ಮಗು ಕೇಳಿದ್ದು ಅಷ್ಟೇ. ಚಿನ್ನ ಕೇಳಲಿಲ್ಲ, ಬಟ್ಟೆ ಕೇಳಲಿಲ್ಲ.

ಭಾವನಿಗೆ ಫೋನ್ ಮಾಡಿ ಹೇಳಿದೆ. “ಅಯ್ಯೋ ಬಿಡಿ ಮೇಷ್ಟ್ರೇ, ಮನೆ ಮಟ್ಟಿಗೆ ಮಾಡ್ಕೊಳದು” ಎಂದ. ನಂಬಿದೆ.

ಭಾನುವಾರ ಬೆಳಿಗ್ಗೆ ಕಾರಿನ ಡಿಕ್ಕಿಯಲ್ಲಿ ಸೊಪ್ಪು ತುಂಬಿಕೊಂಡು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಅವರ ಊರಿನ ಕ್ರಾಸಿಗೆ ತಿರುಗುವಾಗ ಹೆಂಡತಿ “ಥೂ” ಎಂದಳು. ಕಾರು ನಿಲ್ಲಿಸಿ ನೋಡಿದೆ. ಬಸ್ಸು ನಿಲ್ಲುವ ಕಡೆ, ಟೀ ಅಂಗಡಿಗೆ ಒರಗಿಸಿ ನಿಲ್ಲಿಸಿದ ಒಂದು ದೊಡ್ಡ ಫ್ಲೆಕ್ಸು. ನಡುವೆ ನನ್ನ ಸೊಸೆ. ತಲೆಯ ಮೇಲೆ ಯಾವುದೋ ಕಂಪ್ಯೂಟರಿನಲ್ಲಿ ಅಂಟಿಸಿದ ಕಿರೀಟ, ಹಿಂದೆ ಎರಡು ನವಿಲು. ಮುಖ ಮಾತ್ರ ಶಾಲೆಯ ಗುರುತಿನ ಚೀಟಿಯದು, ಎರಡು ಜಡೆಯ, ನಗದ ಮುಖ. ಮೇಲೆ ಕೈಮುಗಿದ ಸಾಹೇಬರು, ಅಂದರೆ ಟಿಕೆಟ್ಟು ಕೊಡಿಸುವ ಶಕ್ತಿ ಇರುವ ಮುಖಂಡರು. ಅವರ ಪಕ್ಕ ತಂಪುಕನ್ನಡಕದ ಭಾವ. ಕೆಳಗೆ ಸಾಲಾಗಿ ಇಪ್ಪತ್ತು ಮೂವತ್ತು ಗಂಡಸರ ತಲೆಗಳು, ಮೀಸೆ ತಿರುವಿದವರು, ಮೊಬೈಲ್ ಕಿವಿಗಿಟ್ಟುಕೊಂಡವರು. ‘ದೊರೆಮನೆಯ ಕುಲದೀಪದ ಹೊಸಗೆ ಮಹೋತ್ಸವಕ್ಕೆ ಆಗಮಿಸುತ್ತಿರುವ ಜನನಾಯಕರಿಗೆ ಹಾರ್ದಿಕ ಸುಸ್ವಾಗತ.’ ಅದರ ಕೆಳಗೆ ಮಗುವಿನ ಹೆಸರು, ಗೇಣುದ್ದದ ಅಕ್ಷರದಲ್ಲಿ.

ಒಂದು ಮಗುವಿನ ಮೈಯ ಸುದ್ದಿಗೆ ಈ ಮೂವತ್ತು ಮೀಸೆಗಳು ಶುಭ ಕೋರುತ್ತಿದ್ದವು. ಒಬ್ಬನಿಗಾದರೂ, ಇದು ನನಗೆ ಸಂಬಂಧಪಡದ ವಿಷಯ, ನನ್ನ ತಲೆ ಹಾಕಬೇಡ ಕಣೋ ಎನ್ನಲು ತೋಚಲಿಲ್ಲವಲ್ಲ! ಜಾಗ ಸಿಗಲಿಲ್ಲವೆಂದು ಕೊರಗಿದವರೂ ಇದ್ದರೆಂದು ಆಮೇಲೆ ಗೊತ್ತಾಯಿತು.

ಮನೆಯ ಮುಂದೆ ಶಾಮಿಯಾನ, ವೇದಿಕೆ, ಅದರ ಮೇಲೆ ಕೆಂಪು ಮೆತ್ತೆಯ ಸಿಂಹಾಸನ. ಭಾವ ಮೈಕಿನವನಿಗೆ ಬೈಯುತ್ತಿದ್ದ. ಪಕ್ಕಕ್ಕೆ ಎಳೆದುಕೊಂಡು ಹೋದೆ.

“ಏನ್ ಬಾವ ಇದು? ಮನೆ ಮಟ್ಟಿಗೆ ಅಂದ್ರಲ್ಲ?”

“ಮನೆ ಮಟ್ಟಿಗೇ ಅಲ್ವಾ. ಊರೋರು, ಪಾರ್ಟಿಯೋರು. ಅವ್ರೂ ಮನೆಯೋರೇ.”

“ನಾಳೆ ಆ ಮಗು ಅದೇ ಫ್ಲೆಕ್ಸ್ ಕೆಳಗೆ ನಿಂತ್ಕೊಂಡು ಬಸ್ ಹತ್ಬೇಕು. ಅದುನ್ನಾದ್ರೂ ಯೋಚ್ನೆ ಮಾಡಿದ್ರಾ?”

“ಮೇಷ್ಟ್ರೇ, ನಾವು ಸಾರ್ವಜನಿಕ ಜೀವನದಲ್ಲಿರೋರು. ನಮ್ ಮನೆ ವಿಷಯ ಅಂದ್ರೆ ಜನದ ವಿಷಯ. ದೊರೆಮನೆ ಅಂದ್ಮೇಲೆ ಕೇಳ್ಬೇಕಾ?”

ದೊರೆ ಎಂದನಲ್ಲ, ನನಗೆ ಸಿಟ್ಟು ನೆತ್ತಿಗೇರಿತು. ಹೊರದೇಶಗಳಲ್ಲಿ ಈಗಲೂ ನಿಜವಾದ ರಾಜರು, ರಾಣಿಯರು ಇದ್ದಾರೆ. ಅವರು ಕೂಡ ಮಕ್ಕಳ ಹುಟ್ಟುಹಬ್ಬಕ್ಕೆ ತಾವೇ ಒಂದು ಫೋಟೋ ತೆಗೆದು ಕೊಟ್ಟು, ಇಷ್ಟು ಸಾಕು, ಶಾಲೆಯ ಹತ್ತಿರ ಕ್ಯಾಮೆರಾ ತರಬೇಡಿ ಎಂದು ಪತ್ರಿಕೆಯವರನ್ನು ಬೇಡಿಕೊಳ್ಳುತ್ತಾರೆ ಎಂದೆ. ಕೆಲಸ ಬೇರೆ, ಮಕ್ಕಳು ಬೇರೆ ಎಂದು ಕಿರೀಟ ಇರುವವರಿಗೇ ಗೊತ್ತಿದೆ ಎಂದೆ.

ಭಾವ ನಕ್ಕ. “ಅವ್ರು ರಾಜ್ರು ಕಣ್ರೀ. ಓಟಿಗೆ ನಿಲ್ಬೇಕಾ ಅವ್ರು?”

ಫ್ಲೆಕ್ಸ್ ತೆಗೆಸುವ ತನಕ ಸೊಪ್ಪು ಇಳಿಸುವುದಿಲ್ಲ ಎಂದೆ. ಸೋದರಮಾವ ಇಲ್ಲದೆ ಗುಡ್ಲು ಏಳುವುದಿಲ್ಲ, ಅದೊಂದು ಹಿಡಿತ ನನಗಿದೆ ಎಂದುಕೊಂಡಿದ್ದೆ. ಭಾವ ವೇದಿಕೆಯ ಕಡೆ ಬೆರಳು ತೋರಿಸಿದ. ಅಲಂಕಾರದ ಹುಡುಗರು ಪ್ಲಾಸ್ಟಿಕ್ ಎಲೆಯ ಗುಡ್ಲೊಂದನ್ನು ಲಾರಿಯಿಂದ ಇಳಿಸುತ್ತಿದ್ದರು. ಸೀರಿಯಲ್ ದೀಪ ಬೇರೆ. ಮಾವನ ಜಾಗಕ್ಕೆ ದೂರದ ಸಂಬಂಧದ ಒಬ್ಬನನ್ನೂ ಗೊತ್ತು ಮಾಡಿ ಇಟ್ಟುಕೊಂಡಿದ್ದ. ಅವನ ತಲೆಯೂ ಫ್ಲೆಕ್ಸಿನಲ್ಲಿತ್ತು.

ಒಳಗೆ ಹೋದರೆ ತಂಗಿ, ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದಳು. “ಏನ್ ಮಾಡ್ಲಣ್ಣ. ಅವ್ರುದೂ ನಡೀಬೇಕು, ಮಗೂದೂ ನಡೀಬೇಕು. ಬೆಳಿಗ್ಗೆ ಒಳಗಡೆ ನಮ್ ಥರ ಮಾಡ್ಕೊಳಣ, ಮಧ್ಯಾಹ್ನ ಹೊರಗಡೆ ಅವ್ರ ಥರ ಆಗ್ಲಿ” ಎಂದಳು. ಮದುವೆಯಾದಾಗಿನಿಂದ ಅವಳು ಮಾಡಿಕೊಂಡು ಬಂದಿರುವುದು ಈ ಪಾಲು ಹಂಚುವ ಕೆಲಸವನ್ನೇ. ಅಂದು ಅವಳ ಮೇಲೂ ನನಗೆ ಹೇಸಿಗೆಯಾಯಿತು. ಆದರೂ ಸೊಪ್ಪು ಇಳಿಸಿ ಒಳಮನೆಯ ಮೂಲೆಯಲ್ಲಿ ಗುಡ್ಲು ಕಟ್ಟಿದೆ. ಹುಡುಗಿ ನನ್ನ ಮುಖ ನೋಡಲಿಲ್ಲ. ಫ್ಲೆಕ್ಸಿನ ಚಿತ್ರ ಆಗಲೇ ಎಲ್ಲರ ಮೊಬೈಲಿನಲ್ಲಿತ್ತು.

ಮಧ್ಯಾಹ್ನದ ವಿಷಯ ಉದ್ದಕ್ಕೆ ಬರೆಯಲು ನನಗೆ ಮನಸ್ಸಿಲ್ಲ. ಸಾಹೇಬರು ಬರುವುದು ತಡವಾಯಿತು. ಅವರು ಬರುವ ತನಕ ಯಾರೂ ಊಟಕ್ಕೆ ಕೂರುವಂತಿಲ್ಲ, ಮಗು ಸಿಂಹಾಸನದಿಂದ ಏಳುವಂತಿಲ್ಲ. ಜರಿಸೀರೆಯ ಭಾರಕ್ಕೆ ಭುಜ ಜೋತು ಬಿದ್ದಿತ್ತು. ಕೊನೆಗೆ ಬಂದ ಸಾಹೇಬರು ಅವಳ ಪಕ್ಕ ನಿಂತು, ಅವಳ ಕಡೆ ನೋಡದೆ ಕ್ಯಾಮೆರಾ ನೋಡುತ್ತ ತಲೆಯ ಮೇಲೆ ಅಕ್ಷತೆ ಹಾಕಿದರು. ಆಮೇಲೆ ಮೈಕ್ ಹಿಡಿದು ನೀರಾವರಿ, ಹೈವೇ ಪರಿಹಾರ ಎಂದೆಲ್ಲ ಮಾತಾಡಿದರು. ಅಷ್ಟು ಹೊತ್ತೂ ಅವಳು ಹಿಂದೆ ಪರದೆಯ ಚಿತ್ರದ ಹಾಗೆ ಕೂತಿದ್ದಳು. ಜನ ಹೋಳಿಗೆ ಚೆನ್ನಾಗಿತ್ತು ಎಂದುಕೊಂಡು ಹೋದರು.

ಸಂಜೆ ಭಾವನಿಗೆ, ಈಗಲಾದರೂ ಅದನ್ನು ಕೀಳಿಸಿ ಎಂದೆ.

“ಸಾಹೇಬ್ರ ಫೋಟೋ ಐತೆ ಅದ್ರಲ್ಲಿ. ಊಟ ಮುಗೀತಿದ್ದಂಗೆ ಕಿತ್ ಬಿಸಾಕ್ದ ಅಂತಾರೆ. ಒಂದ್ ವಾರ ಇರ್ಲಿ.”

ನಾವು ಅಲ್ಲೇ ಉಳಿದುಕೊಂಡೆವು. ಸೋಮವಾರ ಬೆಳಿಗ್ಗೆ ಹುಡುಗಿ ಯೂನಿಫಾರಂ ಹಾಕಿಕೊಂಡು, ತಿಂಡಿ ಬೇಡ ಎಂದು ಬಾಗಿಲ ಹತ್ತಿರ ನಿಂತಳು. ತಂಗಿ ಅವಳನ್ನೇ ಸ್ವಲ್ಪ ಹೊತ್ತು ನೋಡಿದಳು. ಅಡುಗೆಮನೆಯ ಚಾಕು ತೆಗೆದುಕೊಂಡು ಹೊರಟಳು. ನಾನೂ ಹುಡುಗಿಯೂ ಹಿಂದೆ ಓಡಿದೆವು.

ಕ್ರಾಸಿನಲ್ಲಿ ಟೀ ಅಂಗಡಿಯವನ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ತಂಗಿ ಮೇಲೆ ಹತ್ತಿದಳು. ದೊರೆಮನೆಯ ಸೊಸೆ ರಸ್ತೆಯಲ್ಲಿ ಕುರ್ಚಿ ಹತ್ತಿದ್ದನ್ನು ಆ ಊರು ಅದೇ ಮೊದಲು ಕಂಡಿದ್ದು. ಟೀ ಕುಡಿಯುತ್ತಿದ್ದ ಇಬ್ಬರು ಲೋಟ ಕೆಳಗಿಟ್ಟರು. ಅಂಗಡಿಯವನು ಮಾತ್ರ, “ಅಮ್ಮಾವ್ರೇ, ಸಾಹೇಬ್ರ ಮುಖ ಜ್ವಾಪಾನ” ಎಂದ. ಅವಳು ಜೋಪಾನವಾಗಿಯೇ ಕೊಯ್ದಳು. ಯಾವ ಮೀಸೆಗೂ ಚಾಕು ತಾಗಿಸದೆ, ಕಿರೀಟದಿಂದ ಹೆಸರಿನವರೆಗೆ ಮಗಳನ್ನಷ್ಟೇ ಕತ್ತರಿಸಿ ತೆಗೆದು, ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಅಷ್ಟು ಜನ ಗಂಡಸರು ಒಂದು ದೊಡ್ಡ ತೂತಿಗೆ ಶುಭ ಕೋರುತ್ತ ನಿಂತರು. ಬಸ್ಸು ಬಂತು, ಹುಡುಗಿ ಹತ್ತಿ ಹೋದಳು.

ಇಲ್ಲಿಗೆ ಮುಗಿಯಿತು ಎಂದುಕೊಂಡೆವು. ಭಾವನ ತಲೆ ಓಡುವ ದಾರಿ ನಮಗೆ ಗೊತ್ತಿರಲಿಲ್ಲ. ಹೊಲದ ಕಡೆ ಹೋಗಿದ್ದವನಿಗೆ ಯಾರೋ ತೂತಿನ ಫೋಟೋ ಕಳಿಸಿದರು. ಯಾರು ಕೊಯ್ದರು ಎಂದು ಟೀ ಅಂಗಡಿಯವನು ಬಾಯಿ ಬಿಡಲಿಲ್ಲ. ಭಾವ ಯಾರನ್ನೂ ಕೇಳುವ ಗೋಜಿಗೂ ಹೋಗಲಿಲ್ಲ. ಇದು ವಿರೋಧಿಗಳ ಕೆಲಸ, ದೊರೆಮನೆಯ ಹೆಣ್ಣುಮಗಳಿಗೆ ಅವಮಾನ, ಮಧ್ಯಾಹ್ನ ಕ್ರಾಸಿನಲ್ಲಿ ಪ್ರತಿಭಟನೆ ಎಂದು ಎಲ್ಲ ವಾಟ್ಸಾಪ್ ಗುಂಪುಗಳಿಗೂ ಕಳಿಸಿಬಿಟ್ಟ. ಬೈಕುಗಳು ಸೇರಿದವು. ಸುಡಲು ಟೈರೂ ಬಂತು.

ಮನೆಯ ಮುಂದೆ ಅವನ ಕಾರು ನಿಂತಾಗ ಅದರಿಂದ ಇಳಿದವಳು ಹುಡುಗಿ. ಡ್ರೈವರನ್ನು ಶಾಲೆಗೆ ಕಳಿಸಿ, ಮನೆಯಲ್ಲಿ ಅರ್ಜೆಂಟು ಎಂದು ಹೇಳಿಸಿ, ಕ್ಲಾಸಿನ ಮಧ್ಯದಿಂದ ಎಬ್ಬಿಸಿ ಕರೆಸಿದ್ದ. ಬೆನ್ನ ಮೇಲೆ ಬ್ಯಾಗು ಹಾಗೇ ಇತ್ತು, ಮುಖ ಬಿಳುಚಿತ್ತು. “ಯಾರ್ಗೇನಾಯ್ತಮ್ಮಾ?” ಎಂದು ಕೇಳಿದಳು. ಯಾರೋ ಸತ್ತಿದ್ದಾರೆ ಎಂದುಕೊಂಡಿತ್ತು ಆ ಮಗು.

ಹಿಂದೆಯೇ ಭಾವ ಬೈಕಿನಲ್ಲಿ ಬಂದ. “ಮುಖ ತೊಳಿಸಿ ಕಳ್ಸು. ಎದುರುಗಡೆ ನಿಂತ್ಕೊಂಡ್ರೆ ಸಾಕು, ಏನೂ ಮಾತಾಡೋದು ಬ್ಯಾಡ. ಟೀವಿಯೋರೂ ಬರ್ತಾವ್ರೆ.”

ತಂಗಿ ಮಗಳನ್ನು ಒಳಕ್ಕೆ ತಳ್ಳಿ ಬಾಗಿಲು ಎಳೆದು ಅಡ್ಡ ನಿಂತಳು. “ಕುಯ್ದೋಳು ನಾನು” ಎಂದಳು. “ಬರ್ತೀನಿ ನಡೀರಿ. ಮೈಕಲ್ಲಿ ನಾನೇ ಹೇಳ್ತೀನಿ.”

ಭಾವನ ಮುಖದಲ್ಲಿದ್ದ ರಕ್ತವೆಲ್ಲ ಇಳಿದು ಹೋಯಿತು. ನನ್ನ ಕಡೆ ನೋಡಿದ. ಹೌದು ಎಂದೆ. ಈಗ ಬೈಯುತ್ತಾನೆ, ಕೈ ಎತ್ತುತ್ತಾನೆ, ಇಲ್ಲವೇ ತಪ್ಪಾಯಿತು ಎನ್ನುತ್ತಾನೆ ಎಂದು ಕಾದೆ. ಅವನು ಸ್ವಲ್ಪ ಯೋಚಿಸಿ, ದನಿ ತಗ್ಗಿಸಿ, “ಯಾರ್ಗೂ ಹೇಳ್ಬೇಡ” ಎಂದ. “ಮಗೂನೂ ಬ್ಯಾಡ ಬಿಡು. ಒಂದ್ ಫೋಟೋ ತಕ್ಕೊಡು ಸಾಕು. ಅಳ್ತಾ ಇರೋ ಥರ” ಎಂದು ತನ್ನ ಫೋನನ್ನು ಅವಳ ಕೈಗಿಟ್ಟ.

ನನಗೆ ಉಗಿಯಬೇಕೆನ್ನಿಸಿತು, ಬಾಯಿ ಒಣಗಿತ್ತು. ತಂಗಿ ಫೋನ್ ತೆಗೆದುಕೊಂಡಳು. ಎತ್ತಿ ಎಸೆಯುತ್ತಾಳೆ ಎಂದುಕೊಂಡೆ. ಅವಳು ಅದನ್ನು ಅವನ ಮುಖದ ಎದುರಿಗೆ ಹಿಡಿದು ಅವನ ಫೋಟೋವನ್ನೇ ತೆಗೆದಳು.

“ಅವಮಾನ ಆಗಿರೋ ಮುಖ ಬೇಕಲ್ವಾ ನಿಮ್ಗೆ? ತಗಳಿ, ಇದುನ್ನ ಹಾಕ್ಕೊಳಿ.”

ಅವಳು ಮಗಳ ನಾಲ್ಕು ಜೊತೆ ಬಟ್ಟೆ ಚೀಲಕ್ಕೆ ತುಂಬಿ ನನ್ನ ಕಾರಿನಲ್ಲಿ ಇಟ್ಟಳು. ಸ್ವಲ್ಪ ದಿನ ನಿನ್ನ ಹತ್ತಿರ ಇರಲಿ, ನಾನೂ ಬರುತ್ತೇನೆ ಎಂದು ತಾನೂ ಹತ್ತಿ ಕೂತಳು. ಕ್ರಾಸಿನಲ್ಲಿ ಟೈರಿನ ಹೊಗೆ ಎದ್ದಿತ್ತು, ನಾವು ಹಿಂದಿನ ಮಣ್ಣುದಾರಿ ಹಿಡಿದು ದೊಡ್ಡಬಳ್ಳಾಪುರಕ್ಕೆ ಬಂದೆವು.

ರಾತ್ರಿ ಊಟಕ್ಕೆ ಕೂತಾಗ ನನ್ನ ಹೆಂಡತಿ ಫೋನ್ ನೋಡಿ ಥಟ್ಟನೆ ಬೋರಲು ಹಾಕಿದಳು. ಹುಡುಗಿ ಕೈ ಚಾಚಿ ತೆಗೆದುಕೊಂಡಳು. ಭಾವ ಆ ಫೋಟೋವನ್ನು ನಿಜವಾಗಿಯೂ ಹಾಕಿಕೊಂಡಿದ್ದ. ಪಡಸಾಲೆಯಲ್ಲಿ ರಕ್ತ ಬತ್ತಿದ ಮುಖದಲ್ಲಿ ನಿಂತಿದ್ದಾನೆ. ಕೆಳಗೆ ‘ನೊಂದ ತಂದೆ’ ಎಂದು ಬರೆದು, ಕೈಮುಗಿದ ಗುರುತು. ಪ್ರತಿಭಟನೆಗೆ ಬಂದವರೆಲ್ಲ ಅದನ್ನೇ ಹಂಚಿಕೊಂಡಿದ್ದರು.

ಹುಡುಗಿ ಅದನ್ನು ಹಿಗ್ಗಿಸಿ, ಮೂಲೆಮೂಲೆ ಸರಿಸಿ, ಎಲ್ಲ ಕಡೆಯೂ ನೋಡಿದಳು. ಆಮೇಲೆ ಫೋನ್ ವಾಪಸ್ ಕೊಟ್ಟು ಅನ್ನ ಕಲಸಿಕೊಂಡಳು.

“ಸದ್ಯ ಮಾವ, ಇದ್ರಲ್ಲಿ ನಾನಿಲ್ಲ” ಎಂದಳು.