ಕುಂಕುಮ ಇಟ್ಟ ಗಲಭೆಯ ಚಿತ್ರ

ದೇವರ ಗೂಡಿನ ಹಿಂದಿನ ಗೋಡೆಗೆ ಕಾಗದ ಅಂಟಿಸಲೆಂದು ಮೊನ್ನೆ ಮೈದಾ ಕುದಿಸಿದೆ. ಆ ಅಂಟಿನ ಬಿಸಿ ವಾಸನೆ ಬಂದದ್ದೇ ತಡ, ಪಾಲಿಬೆಟ್ಟದ ಕಾಫಿ ಎಸ್ಟೇಟಿನಲ್ಲಿ, ಆಳುಗಳ ಸಾಲುಮನೆಯ ಲೈನಿನಲ್ಲಿ, ನಮ್ಮ ಪಕ್ಕದ ಕೋಣೆಯಲ್ಲಿದ್ದ ಅಕ್ಕ ಕಣ್ಣೆದುರು ಬಂದು ನಿಂತಳು...

ಬ್ರಿಟಿಷರ ಕಾಲ. ನಾನು ಹೊಸದಾಗಿ ಮದುವೆಯಾಗಿ ಬಂದವಳು. ಎಸ್ಟೇಟಿನ ಬಿಳಿ ದೊರೆಯ ಬಂಗಲೆಯಿಂದ ಹೊರಬಿದ್ದ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ಗೋಡೆಗೆ ಅಂಟಿಸಿ ಚಳಿಗಾಳಿ ತಡೆಯುವುದು ಲೈನಿನವರ ರೂಢಿ. ಅಕ್ಕನ ಪಾಲಿಗೆ ಬಂದ ಹಾಳೆಯಲ್ಲಿ ಸಣ್ಣ ಸಣ್ಣ ಗೆರೆ ಕೊರೆದು ಅಚ್ಚೊತ್ತಿದ ದೊಡ್ಡ ಚಿತ್ರವಿತ್ತು. ದೊರೆಗಳದೇ ದೇಶದ ಯಾವುದೋ ಪಟ್ಟಣ. ರೊಟ್ಟಿ ಅಂಗಡಿಯ ಬಾಗಿಲು ಒಡೆಯುತ್ತಿರುವ ಬಿಳಿಯ ಹೆಂಗಸರು, ಎದುರಿಗೆ ಕುದುರೆಯ ಮೇಲೆ ಕತ್ತಿ ಹಿರಿದ ಸಿಪಾಯಿಗಳು. ಸಿಪಾಯಿಗಳಲ್ಲಿ ಒಬ್ಬೊಬ್ಬನಿಗೂ ಬೇರೆ ಬೇರೆ ಮೀಸೆ. ಹೆಂಗಸರಿಗೆಲ್ಲ ಒಂದೇ ಮುಖ, ರಾಕ್ಷಸಿಯರಂತೆ ತೆರೆದ ಬಾಯಿ.

"ನೋಡಿದ್ರೆ ಹೆದರಿಕೆ ಆಗ್ತದೆ ಅಕ್ಕಾ," ಎಂದೆ.

"ಹಸಿದವರ ಬಾಯಿ ಹಾಗೇ ಇರೋದು ಮಾರಾಯ್ತಿ. ಬರೆದವನು ಹೊಟ್ಟೆ ತುಂಬ ಉಂಡು ಕೂತು ಬರೆದಿದ್ದಾನೆ!"

ಆ ಶುಕ್ರವಾರ ದೇವರ ಪಟಕ್ಕೆ ಕುಂಕುಮ ಇಡುವಾಗ ಆ ಹೆಂಗಸರ ಹಣೆಗೂ ಒಂದೊಂದು ಬೊಟ್ಟು ಇಟ್ಟಳು. ಆಮೇಲೆ ನನಗವರು ನಮ್ಮ ಲೈನಿನವರಂತೆಯೇ ಕಂಡರು.

ಲೈನ್ ನೋಡಲು ಬಂದ ದೊರೆಯ ಕಣ್ಣಿಗೆ ಅದು ಬಿತ್ತು. ತನ್ನವರು ತನ್ನವರ ಮೇಲೆಯೇ ತಿರುಗಿಬಿದ್ದದ್ದನ್ನು ಆಳುಗಳು ನೋಡುವುದು ಅವನಿಗೆ ಹಿಡಿಸಲಿಲ್ಲವೇನೋ. ಮರುದಿನ ಬೆಳಿಗ್ಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬಂದರು.

"ಅದನ್ನು ಕೆರೆದು ತೆಗಿ. ಇಲ್ಲದಿದ್ರೆ ಕೆಲಸವೂ ಇಲ್ಲ, ಕೋಣೆಯೂ ಇಲ್ಲ."

"ಕುಂಕುಮ ಬಿದ್ದ ಪಟ ರೈಟರೇ, ನನ್ನ ಕೈಯಲ್ಲಿ ಆಗೋದಿಲ್ಲ. ಬೇಕಾದ್ರೆ ನೀವೇ ಕೆರೀರಿ. ಚಪ್ಪಲಿ ಮಾತ್ರ ಹೊರಗೆ ಬಿಟ್ಟು ಬನ್ನಿ."

ನಾವೆಲ್ಲ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡೆವು. ಹಣೆಗೆ ಗಂಧವಿಡದೆ ಮನೆ ಬಿಡದ ರೈಟರು ಹೊಸ್ತಿಲವರೆಗೆ ಬಂದು, ಚಿತ್ರ ನೋಡಿ, ಹಿಂದೆ ಸರಿದರು. ಸುಣ್ಣದ ಬಾಲ್ದಿ ತಂದಿಟ್ಟರೂ ಲೈನಿನಲ್ಲಿ ಒಬ್ಬರೂ ಕುಂಚ ಮುಟ್ಟಲಿಲ್ಲ.

ಅಕ್ಕನ ಕೆಲಸ ಹೋಯಿತು, ಕೋಣೆಯೂ ಹೋಯಿತು. ದೇವರ ದಯೆ, ಕೈಕಾಲು ಗಟ್ಟಿಯಿತ್ತು. ಟ್ರಂಕು ತಲೆಯ ಮೇಲಿಟ್ಟು ಕುಟ್ಟ ಊರಿನ ಕಡೆ ಹೊರಟಳು. "ಶುಕ್ರವಾರ ಮರೀಬೇಡ," ಎಂದಳು, ಅಷ್ಟೇ. ಆಮೇಲೆ ಸುದ್ದಿಯೇ ಇಲ್ಲ... ಆ ಕೋಣೆಗೆ ಬಂದ ಹೊಸಬಳಿಗೂ ನಾನು ಗೋಡೆಯ ಆ ಚಿತ್ರಕ್ಕೆ ಬೊಟ್ಟಿಡುವುದನ್ನು ಹೇಳಿಕೊಟ್ಟೆ.

ಈಗ ಆ ಲೈನು ಇಲ್ಲ. ಅಕ್ಕನೂ ಇದ್ದಿರಲಾರಳು. ನನಗೆ ದೇವರು ಹೊತ್ತು ಹೊತ್ತಿಗೆ ಅನ್ನ ಕೊಟ್ಟಿದ್ದಾನೆ, ಅದು ಸಣ್ಣದಲ್ಲ. ಮೊನ್ನೆ ಅಂಟಿಸಿದ ಕಾಗದದಲ್ಲೂ ಯಾವುದೋ ಊರಿನ ಗಲಭೆಯ ಚಿತ್ರವಿತ್ತು, ಅದೇ ತೆರೆದ ಬಾಯಿಗಳು. ಅಂಟು ಒಣಗಲು ಬಿಟ್ಟು ಕುಂಕುಮದ ಭರಣಿ ತೆಗೆದೆ. ಸೊಸೆ ನಕ್ಕಳು. ನಗಲಿ.