ಮುಷ್ಟಿಯಷ್ಟು ಹೃದಯ

ಅಮೆರಿಕದ ಲಾರೆನ್ಸ್‌ವಿಲ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗಳು ಅನನ್ಯಾ ನನ್ನನ್ನು ಜಪಾನಿ ಮಾದರಿಯ ಕೆಫೆಯೊಂದಕ್ಕೆ ಕರೆದೊಯ್ದಳು. ಮನೆಗೆಲಸದವಳ ವೇಷ ತೊಟ್ಟ ಅಮೆರಿಕನ್ ಹುಡುಗಿಯೊಬ್ಬಳು ಬಾಗಿ, "ಮನೆಗೆ ಸ್ವಾಗತ, ಯಜಮಾನರೇ" ಎಂದಳು. ಆಮ್ಲೆಟ್ ತಂದಿಟ್ಟು ಅದರ ಮೇಲೆ ಕೆಚಪ್‌ನಿಂದ ಹೃದಯ ಬರೆದಳು. ನಾವೂ ಬೆರಳು ಜೋಡಿಸಿ ಅದೇ ಆಕಾರ ಮಾಡಿ, ತಿಂಡಿ ರುಚಿಯಾಗಲೆಂದು ಮಂತ್ರ ಹೇಳಬೇಕಂತೆ. ಹೇಳದೆ ತಿನ್ನುವಂತಿಲ್ಲವಂತೆ.

ಹುಬ್ಬಳ್ಳಿಯಲ್ಲಿ ಇಡೀ ಆಯುಷ್ಯ ಹೃದಯದ ಡಾಕ್ಟರಾಗಿ ಕಳೆದವನಿಗೆ ಸುಮ್ಮನಿರಲಾಗಲಿಲ್ಲ. "ನಾನು ಹೃದಯದ ಡಾಕ್ಟರು. ಹೃದಯ ಹಾಗಿರುವುದಿಲ್ಲಮ್ಮ, ಹೆಚ್ಚುಕಡಿಮೆ ಹೀಗಿರುತ್ತದೆ" ಎಂದು ಇಂಗ್ಲಿಷಿನಲ್ಲಿ ಹೇಳಿ ಮುಷ್ಟಿ ಎತ್ತಿ ತೋರಿಸಿದೆ.

"ಅಜ್ಜಾ, ಪ್ಲೀಸ್, ಬೇಡ" ಎಂದಳು ಅನನ್ಯಾ.

ಆ ಹುಡುಗಿಗೆ ಮಾತ್ರ ಖುಷಿಯೋ ಖುಷಿ. "ಇವತ್ತು ಎಲ್ಲರೂ ಡಾಕ್ಟರ್ ಹೇಳಿದ ಹಾಗೆ ಮಾಡೋಣ" ಎಂದಳು. ಕೆಫೆ ತುಂಬಾ ಜನ ಎದ್ದುನಿಂತು, ಮುಷ್ಟಿ ಎತ್ತಿ, ಜೋರಾಗಿ ಮಂತ್ರ ಕೂಗಿದರು. ಅನನ್ಯಾ ನಾಚಿಕೆ ಮರೆತು ಫೋಟೊ ತೆಗೆದು ಮನೆಯವರ ಗ್ರೂಪಿಗೆ ಹಾಕಿದಳು.

ಕೂಡಲೇ ಅಳಿಯನ ಫೋನ್ ಬಂತು. "ಮಾವಾರ, ನೀವು ವಿಸಿಟರ್ ವೀಸಾದ ಮ್ಯಾಲೆ ಬಂದೀರಿ. ಪ್ರೊಟೆಸ್ಟಿಗೆ ಯಾಕ ಹೋದ್ರಿ?"

"ಪ್ರೊಟೆಸ್ಟ್ ಅಲ್ಲಪ್ಪಾ, ಅದು ಹೃದಯ" ಎಂದೆ.

"ಏರ್‌ಪೋರ್ಟಿನ್ಯಾಗ ಆಫೀಸರ್ ಕೇಳಿದ್ರ ಅದನ್ನ ಹೆಂಗ ತಿಳಿಸಿ ಹೇಳ್ತೀರಿ?"

ಎಷ್ಟೋ ಬ್ಯಾಚಿನ ವಿದ್ಯಾರ್ಥಿಗಳಿಗೆ ಹೃದಯದ ಪಾಠ ಮಾಡಿದ ನಾನೇ ಅನನ್ಯಾಳಿಗೆ ಹೇಳಿ ಫೋಟೊ ಡಿಲೀಟ್ ಮಾಡಿಸಿದೆ.