ಏಳನೇ ಎ ಕ್ರಾಸಿನ ದನಿ

ವಿಜಯಕುಮಾರನಿಗೆ ತೀರ್ಪು ಕೊಡುವುದು ಬರುತ್ತಿರಲಿಲ್ಲ. ತರಕಾರಿ ಅಂಗಡಿಯಲ್ಲಿ ಬದನೆಯೋ ಬೆಂಡೆಯೋ ಎಂದು ಕೇಳಿದರೂ ಹೆಂಡತಿಗೆ ಫೋನು ಹಚ್ಚುವ ಮನುಷ್ಯ. ಅಂಥವನನ್ನು ಹಿಡಿದು ಸಹಕಾರನಗರದ ಒಂದು ತಾರಸಿಯ ಮೇಲೆ ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಿಸಿದ್ದರು. ಕುರ್ಚಿಯೆಂದರೆ ಪ್ಲಾಸ್ಟಿಕ್ಕಿನದೇ, ಒಂದು ಕಾಲು ಸೊಟ್ಟ. ಆದರೂ ಅದರಲ್ಲಿ ಕೂತವನು ಆಡಿದ ಮಾತಿಗೆ ಅಪೀಲು ಇರಲಿಲ್ಲ.

ಅದು ‘ಏಳನೇ ಎ ಕ್ರಾಸ್’ ಎಂಬ ಬ್ಯಾಂಡಿನ ಅಭಿಮಾನಿಗಳ ಕೂಟ. ಮತ್ತಿಕೆರೆಯ ಏಳನೇ ಎ ಕ್ರಾಸಿನಲ್ಲಿ ಯಾರದೋ ಕಾರ್ ಶೆಡ್ಡಿನಲ್ಲಿ ಹುಟ್ಟಿ, ಕನ್ನಡದಲ್ಲಿ ಪ್ರೊಗ್ರೆಸಿವ್ ರಾಕ್ ಹಾಡುವ ಬ್ಯಾಂಡು. ಅದೆಂಥ ಸಂಗೀತ ಎಂದು ಕೇಳುವವರಿಗೆ ಇಷ್ಟು ಹೇಳಿದರೆ ಸಾಕು: ಒಲೆಯ ಮೇಲೆ ಕುಕ್ಕರ್ ಇಟ್ಟು ಹಾಡು ಹಚ್ಚಿದರೆ, ಬೇಳೆ ಬೆಂದು ಒಗ್ಗರಣೆ ಬಿದ್ದರೂ ಹಾಡು ಮುಗಿದಿರುವುದಿಲ್ಲ. ನಡುವೆ ತಾಳ ಮೂರು ಸಲ ಬದಲಾಗುತ್ತದೆ, ಹಾಡುವವನು ಎಲ್ಲೋ ಕಳೆದುಹೋಗಿ ಕೊನೆಗೆ ಮತ್ತೆ ಸಿಗುತ್ತಾನೆ. ಈ ಬ್ಯಾಂಡಿನಲ್ಲಿ ಹಾಗೆ ಕಳೆದುಹೋಗಿ ಸಿಗುತ್ತಿದ್ದವನ ಹೆಸರು ಅಜ್ಜು. ಹೋದ ವರ್ಷ ಅವನು ಸಿಗಲೇ ಇಲ್ಲ. ಬ್ಯಾಂಡು ಬಿಟ್ಟ, ಯಾಕೆಂದು ಯಾರಿಗೂ ಹೇಳಲಿಲ್ಲ. ಉಳಿದವರು ಮಣಿಕಂಠ ಎಂಬ ಹೊಸ ಹುಡುಗನನ್ನು ತಂದು ಹಾಡಿಸಿ ಆಲ್ಬಮ್ ಮಾಡಿಯೇಬಿಟ್ಟರು.

ಈಗ ವಿಜಯಕುಮಾರ ಯಾರು, ಅವನ ಮಾತಿಗೆ ಯಾಕಿಷ್ಟು ಬೆಲೆ ಎಂದು ಹೇಳಬೇಕು. ಅವನು ನವಲಗುಂದದ ಕಡೆಯವನು. ಅಪ್ಪ ವೀರಬಸಪ್ಪ ಊರ ಬಸವಣ್ಣನ ಗುಡಿಯ ಭಜನಾ ಮೇಳದಲ್ಲಿ ಮುಂದಾಗಿ ಹಾಡುತ್ತಿದ್ದವರು. ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ನೋಡಿದರೆ ಮಗ ಕಬಡ್ಡಿಗೆ ಓಡುತ್ತಿದ್ದ. ಅಪ್ಪ ತೀರಿಕೊಂಡಾಗ ಮನೆಯಲ್ಲಿ ಉಳಿದದ್ದು ಒಂದೆರಡು ಫೋಟೊ ಮತ್ತು ಒಂದು ಜೊತೆ ತಾಳ. ಆ ದನಿಯನ್ನು ಹಿಡಿದಿಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಆಮೇಲೆ ಹೊಳೆದು ಏನು ಬಂತು?

ಡಿಪ್ಲೊಮಾ ಮುಗಿಸಿ ಮತ್ತಿಕೆರೆಯ ಕಾಲೇಜೊಂದರ ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ಕಲಿಸುವ ಕೆಲಸಕ್ಕೆ ಸೇರಿದಾಗ ಅವನಿಗೆ ಇಪ್ಪತ್ತೆರಡು. ಬಾಯಿ ತೆರೆದರೆ ರೂಮಿನ ಹುಡುಗರು ನಗುತ್ತಿದ್ದರು. ‘ಹೌದ್ರಿ’ ಎಂದರೆ ನಗು, ‘ಅಡ್ಡಿಯಿಲ್ಲ’ ಎಂದರೆ ಇನ್ನೂ ನಗು. ಅವರದೇನೂ ಕೆಟ್ಟ ಮನಸ್ಸಲ್ಲ, ಆದರೆ ದಿನಾ ನಗೆಪಾಟಲಾಗುವುದು ಯಾರಿಗೆ ತಾನೇ ಇಷ್ಟ? ಅವನು ಬಾಯಿಗೆ ಬೀಗ ಹಾಕಿಕೊಂಡ. ಸಂಜೆ ರೂಮಿನಲ್ಲಿ ಒಬ್ಬನೇ ಕೂತರೆ ಹಿಂದಿದ್ದ ಆ ಕಾರ್ ಶೆಡ್ಡಿನಿಂದ ಗೋಡೆ ದಾಟಿ ಒಂದು ದನಿ ಬರುತ್ತಿತ್ತು. ಅಜ್ಜು ಒಂದೇ ಸಾಲನ್ನು ಹತ್ತಾರು ಸಲ ಹಾಡಿ ಹದ ಮಾಡುತ್ತಿದ್ದ: “ಬಸ್ಸು ಬರಲಿ ಬಿಡಲಿ, ನಾನಿಲ್ಲೇ ನಿಂತಿರ್ತೀನಿ.” ವಿಜಯಕುಮಾರ ಗೋಡೆಯ ಈಚೆಯಿಂದ ಅದನ್ನೇ ಮೆಲ್ಲಗೆ ಹಾಡಿಕೊಂಡ. ಬೆಂಗಳೂರಿನ ಮಾತು ಅವನ ನಾಲಿಗೆಗೆ ಬಂದದ್ದು ಹಾಗೆ. ಬರಬರುತ್ತ ಅಜ್ಜು ಎಲ್ಲಿ ಉಸಿರು ಎಳೆಯುತ್ತಾನೆ, ಎಲ್ಲಿ ಜಾರಿಸುತ್ತಾನೆ ಎಲ್ಲವೂ ಬಂತು. ರೂಮಿನವರು ನಗುವುದನ್ನು ನಿಲ್ಲಿಸಿದರು.

ಆ ಬ್ಯಾಂಡಿನ ಮೊದಲನೇ ಷೋನಿಂದ ಅಜ್ಜು ಹಾಡಿದ ಕೊನೆಯ ಷೋವರೆಗೆ ಒಂದನ್ನೂ ತಪ್ಪಿಸದೆ ಮುಂದಿನ ಸಾಲಿನಲ್ಲಿ ನಿಂತವನು ಅವನೊಬ್ಬನೇ. ಆ ಸಾಲು ಬಂದಾಗ ಅಜ್ಜು ಹಾಡುವುದನ್ನು ನಿಲ್ಲಿಸಿ, ಬಗ್ಗಿ, ಮೈಕನ್ನು ಮುಂದೆ ನಿಂತವರ ಬಾಯಿಗೆ ಹಿಡಿಯುತ್ತಿದ್ದ. ಎಲ್ಲರೂ ಹಾಡುತ್ತಿದ್ದರು. ವರ್ಷಕ್ಕೆ ನಾಲ್ಕು ಸಲ ಬರುವ ಆ ಒಂದು ನಿಮಿಷಕ್ಕೆ ವಿಜಯಕುಮಾರ ಉಳಿದ ದಿನಗಳನ್ನೆಲ್ಲ ತಳ್ಳುತ್ತಿದ್ದ ಎಂದರೆ ಸುಳ್ಳಲ್ಲ. ಕೂಟದವರು ಅವನಿಗೆ ಹಿರಿತನ ಕೊಟ್ಟದ್ದು ಇದಕ್ಕೇ. ಮದುವೆಯಾಯಿತು, ತಲೆ ನರೆಯಿತು, ಊರಿನ ಗೆಳೆಯರು ದೂರವಾದರು. ಈ ಶಹರದಲ್ಲಿ ಅವನ ಮಾತಿಗಾಗಿ ನಾಲ್ಕು ಜನ ಕಾಯುವ ಜಾಗವೆಂದರೆ ಆ ತಾರಸಿ ಒಂದೇ.

ತಾರಸಿ ಗಿರಿಯದು. ಕೊಡಿಗೆಹಳ್ಳಿಯ ಹಳೇ ಒಕ್ಕಲು ಮನೆತನದವನು, ಈಗ ಬಿಲ್ಡರ್. ಸಹಕಾರನಗರದ ತನ್ನ ಕಟ್ಟಡಕ್ಕೆ ‘ಏಳನೇ ಎ ಕ್ರಾಸ್’ ಎಂದೇ ಹೆಸರಿಟ್ಟು, ಕೊರಿಯರ್ ಹುಡುಗರ ಶಾಪವನ್ನೆಲ್ಲ ಕಟ್ಟಿಕೊಂಡವನು. ಹೊಸ ಆಲ್ಬಮ್ ಬಂದರೆ ಅವನ ತಾರಸಿಯಲ್ಲಿ ಸೇರಬೇಕು, ಫೋನುಗಳನ್ನೆಲ್ಲ ಸ್ಟೀಲಿನ ಬೋಗುಣಿಯಲ್ಲಿ ಹಾಕಬೇಕು, ಕೊನೆಯ ಹಾಡು ಮುಗಿಯುವವರೆಗೆ ಯಾರೂ ತುಟಿ ಬಿಚ್ಚಬಾರದು. ಆಮೇಲೆ ಹೊಸಬರಿಂದ ಶುರುವಾಗಿ ಒಬ್ಬೊಬ್ಬರೇ ಮಾತಾಡಬೇಕು, ಕೊನೆಯ ಮಾತು ಸೊಟ್ಟ ಕುರ್ಚಿಯವನದು. ಅದಾದ ಮೇಲೆ ವಾದ ಮಾಡಿದವರಿಗೆ ಗಿರಿಯ ತಾಯಿ ಮರಿಯಮ್ಮ ಕಳಿಸಿದ ಅವರೆಕಾಳು ಉಪ್ಪಿಟ್ಟು ಇಲ್ಲ.

ಈ ಸಲ ಕೇಳುವುದಕ್ಕೆ ಮೊದಲೇ ಜಗಳ ಹತ್ತಿಕೊಂಡಿತ್ತು. ಮದುಮಗನಿಲ್ಲದೆ ಮದುವೆ ಮಾಡಿದ್ದಾರೆ ಎಂದು ಗಿರಿ ಕೆಂಡವಾಗಿದ್ದ. ಅಜ್ಜು ಇಲ್ಲದ ಆಲ್ಬಮ್ಮನ್ನು ಕೂಟ ಒಪ್ಪಿದರೆ ತಾರಸಿಗೆ ಬೀಗ ಎಂದೂ ಹೇಳಿಬಿಟ್ಟಿದ್ದ. ಆರ್.ಟಿ. ನಗರದ ಶಾಲೆಯೊಂದರಲ್ಲಿ ಗಣಿತ ಕಲಿಸುವ ಫರ್ಹೀನ್ ಸುಮ್ಮನೆ ಬಿಡುವವಳಲ್ಲ. ಡ್ರಮ್ಮು, ಗಿಟಾರು, ಪದ ಕಟ್ಟಿದ್ದು ಎಲ್ಲ ಬೇರೆಯವರೇ ಆಗಿರುವಾಗ ಬ್ಯಾಂಡೆಂದರೆ ಒಬ್ಬನೇ ಹೇಗೆ ಎಂದು ಅವಳ ಪ್ರಶ್ನೆ. ಒಬ್ಬ ಎದ್ದುಹೋದ ಸಿಟ್ಟಿಗೆ ಉಳಿದವರ ಕೆಲಸವನ್ನು ತಳ್ಳಿಹಾಕುವುದಾದರೆ ತಾನು ಇನ್ನು ಬರುವುದಿಲ್ಲ ಎಂದಳು. ಇಬ್ಬರೂ ವಿಜಯಕುಮಾರನಿಗೆ ಬೇಕಾದವರು. ಹೌದೆಂದರೆ ತಾರಸಿ ಹೋಗುತ್ತದೆ, ಇಲ್ಲವೆಂದರೆ ಫರ್ಹೀನ್ ಹೋಗುತ್ತಾಳೆ. ಅವನ ಪಾಡು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯದಾಯಿತು.

ಹಾಡುಗಳು ಶುರುವಾದವು. ಚೆನ್ನಾಗಿವೆಯೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಮಣಿಕಂಠನ ದನಿ ಹಿತವೆನಿಸಿದಾಗಲೆಲ್ಲ ಅಜ್ಜುವಿಗೆ ಎರಡು ಬಗೆದಂತೆ ಅನಿಸುತ್ತಿತ್ತು. ಹಿತವೆನಿಸದಿದ್ದಾಗ, ಇದು ತನ್ನ ಹಟವಿರಬೇಕು ಎಂದು ಅನುಮಾನ. ಹೀಗೆ ಒದ್ದಾಡುತ್ತಿದ್ದಾಗ ಕೊನೆಯ ಹಾಡಿನ ನಡುವೆ ವಾದ್ಯಗಳೆಲ್ಲ ನಿಂತು, ದೂರದಿಂದ, ಗೋಡೆಯಾಚೆಯಿಂದ ಬಂದಂತೆ ಆ ಹಳೆಯ ಸಾಲು ತೇಲಿಬಂತು. ಮೊದಲು ಮೂಗಿನಲ್ಲಿ ಒಂದು ಸಣ್ಣ ಗುನುಗು, ಆಮೇಲೆ ದನಿ ಎದ್ದಿತು: “ಬಸ್ಸು ಬರಲಿ ಬಿಡಲಿ...” ಹಿಂದೆ ಸಾವಿರ ಜನರ ಗುಲ್ಲು. ವಿಜಯಕುಮಾರನ ಮೈ ಜುಮ್ಮೆಂದಿತು.

ತನ್ನ ಸರದಿ ಬಂದಾಗ ಅವನು ತಡವರಿಸಲಿಲ್ಲ.

“ಅಜ್ಜು ಇದಾನೆ,” ಅಂದ. “ಕೊನೇ ಹಾಡಲ್ಲಿ ಕೇಳಿಸಿಲ್ವಾ? ದನಿ ಎತ್ತೋ ಮುಂಚೆ ಗುನುಗಿದ್ನಲ್ಲ, ಅದು ಅಜ್ಜುನೇ. ಗೋಡೆ ಪಕ್ಕ ಕೂತು ಕಲ್ತೋನು ನಾನು, ನಂಗೆ ಗೊತ್ತಾಗಲ್ವಾ?”

ಮತ್ತೆ ಹಾಕಿ ಕೇಳಿದರು. ಗಿರಿಯ ಕಣ್ಣಲ್ಲಿ ನೀರು ಬಂತು. ಅಷ್ಟು ದಪ್ಪ ಮನುಷ್ಯ ಟವೆಲಿನಿಂದ ಮುಖ ಒರೆಸಿಕೊಂಡು, ಕೈಬಿಟ್ಟಿಲ್ಲ ನೋಡು ನಮ್ಮನ್ನ ಎಂದು ಮತ್ತೆ ಮತ್ತೆ ಹೇಳಿದ. ಫರ್ಹೀನ್ ಹುಬ್ಬು ಗಂಟಿಕ್ಕಿದರೂ ಆಲ್ಬಮ್ ಉಳಿಯಿತಲ್ಲ ಎಂದು ಸುಮ್ಮನಾದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಎಲ್ಲರೂ ಉಪ್ಪಿಟ್ಟು ತಿಂದರು.

ಮನೆಗೆ ಬಂದು ವಿಜಯಕುಮಾರ ಅದೇ ಸಾಲನ್ನು ಹಚ್ಚಿ ಹಚ್ಚಿ ಕೇಳಿದ. ಹೆಂಡತಿ ಪ್ರತಿಭಾ ಗದಗಿನವಳು, ಈ ಸಂಗೀತದ ತಂಟೆಗೆ ಹೋಗದವಳು. ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದವಳಿಗೆ ತಡೆಯಲಾಗಲಿಲ್ಲ.

“ನಿಮ್ಮ ದನಿ ನೀವ ಎಷ್ಟ ಸರ್ತೆ ಕೇಳತೀರಿ?”

ತನ್ನದಲ್ಲ, ಅಜ್ಜುವಿನದು ಎಂದು ಅವನು ತಿದ್ದಿದ.

“ಬಚ್ಚಲಮನ್ಯಾಗಿಂದ ಇಷ್ಟ ವರ್ಷ ಕೇಳೇನ್ರಿ ನಾ. ಹಾಡೂಕಿಂತ ಮೊದಲ ಮೂಗಿನ್ಯಾಗ ಗುನುಗತೀರಲ್ಲ, ಅದು ನಿಮ್ಮದ. ಬೆಣ್ಣಿ ಕೈಯಾಗ ಇಟಗೊಂಡು ತುಪ್ಪಕ್ಕ ಊರೆಲ್ಲಾ ಅಡ್ಡಾಡಿದಂಗಾತು.”

ಅವನು ನಕ್ಕುಬಿಟ್ಟ. ಆದರೆ ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಅಜ್ಜುವಿನ ಹಳೆಯ ಆಲ್ಬಮ್ಮುಗಳನ್ನು ತೆಗೆದು ಆ ಗುನುಗಿಗಾಗಿ ಹುಡುಕಿದ. ಒಂದರಲ್ಲೂ ಇಲ್ಲ. ಅಜ್ಜು ನೇರ ದನಿ ಎತ್ತುತ್ತಿದ್ದ. ಹಾಗಾದರೆ ಗುನುಗು ಅಜ್ಜುವಿನದೆಂದು ಅಷ್ಟು ಗಟ್ಟಿಯಾಗಿ ತನಗೆ ಅನಿಸಿದ್ದು ಹೇಗೆ? ಅಜ್ಜು ಹಾಡಿದ್ದನ್ನು ಕೇಳಿ ನೆನಪಿಟ್ಟದ್ದೋ, ತಾನು ಹಾಡಿದ್ದನ್ನೇ ಅಜ್ಜು ಎಂದು ನೆನಪಿಟ್ಟದ್ದೋ? ಇದು ಬಿಡಿಸಿದಷ್ಟೂ ಗೋಜಲಾಯಿತು.

ಬ್ಯಾಂಡಿನ ಡ್ರಮ್ಮರ್ ಸತೀಶ್ ಗಂಗಾನಗರದಲ್ಲಿ ಮಕ್ಕಳಿಗೆ ಡ್ರಮ್ಸ್ ಹೇಳಿಕೊಡುತ್ತಾನೆ. ವಾರದ ನಡುವೆ ವಿಜಯಕುಮಾರ ಕಾಲೇಜು ಮುಗಿಸಿಕೊಂಡು ಅಲ್ಲಿಗೆ ಹೋದ. ಅಭಿಮಾನಿ ಎಂದಷ್ಟೇ ಹೇಳಿಕೊಂಡು, ಆ ಸಾಲಿನ ವಿಚಾರ ಕೇಳಿದ.

“ಅದು ಅಜ್ಜು ಲಾಸ್ಟ್ ಷೋ ರೆಕಾರ್ಡಿಂಗ್ ಗುರು,” ಅಂದ ಸತೀಶ್. “ಅಜ್ಜು ಮೈಕ್ ಕೆಳಗೆ ಹಿಡಿದ್ನಲ್ಲ, ಮುಂದೆ ನಿಂತಿದ್ದ ಯಾವನೋ ಹಾಡ್ಬಿಟ್ಟ. ಸ್ಟೇಜ್ ಲೈಟಲ್ಲಿ ಮುಖ ಎಲ್ಲಿ ಕಾಣುತ್ತೆ? ಯಾರೂಂತ ಇವತ್ತಿಗೂ ಗೊತ್ತಿಲ್ಲ. ಚೆನ್ನಾಗಿತ್ತು, ಇಟ್ಕೊಂಡ್ವಿ.”

ತಾನೇ ಅದು ಎಂದು ಹೇಳಿಕೊಳ್ಳದೆ ವಿಜಯಕುಮಾರ ಹೊರಗೆ ಬಂದ. ಹೆಬ್ಬಾಳದ ಫ್ಲೈಓವರಿನ ಕೆಳಗೆ ಟ್ರಾಫಿಕ್ಕಿನಲ್ಲಿ ನಿಂತಾಗ ಅವನಿಗೆ ಖುಷಿಯೂ ಆಗಿತ್ತು, ಅವಮಾನವೂ ಆಗಿತ್ತು. ಯಾವುದು ಹೆಚ್ಚೆಂದು ಕೇಳಿದ್ದರೆ ಅದಕ್ಕೂ ಹೆಂಡತಿಗೆ ಫೋನು ಹಚ್ಚಬೇಕಿತ್ತು. ಸುಮ್ಮನಿದ್ದರೆ ಕೂಟ ಉಳಿಯುತ್ತದೆ. ಆದರೆ ಹೊಸ ಆಲ್ಬಮ್ಮಿನ ಷೋಗೆ ಅಜ್ಜು ಬಂದೇ ಬರುತ್ತಾನೆಂದು ಗಿರಿ ಕನಕಾಂಬರ ಹಾರ ಹೇಳಿಟ್ಟಿದ್ದಾನೆ ಎಂಬ ಸುದ್ದಿ ಬಂದ ಮೇಲೆ ಅವನಿಂದ ಸುಮ್ಮನಿರಲಾಗಲಿಲ್ಲ.

ಮುಂದಿನ ಭಾನುವಾರ ಕುರ್ಚಿಯಲ್ಲಿ ಕೂರದೆ ನಿಂತುಕೊಂಡೇ ಹೇಳಿದ. ಹೆಂಡತಿ ಹೇಳಿದ್ದು, ಸತೀಶ್ ಹೇಳಿದ್ದು, ಎಲ್ಲ. ಗಿರಿ ನಂಬಲಿಲ್ಲ. ತಮಾಷೆ ಮಾಡಬೇಡಿ ಎಂದ. ಹಾಗಾದರೆ ಇಲ್ಲೇ ಹಾಡಿ ಸರ್ ಎಂದಳು ಫರ್ಹೀನ್. ವಿಜಯಕುಮಾರ ಕಣ್ಣು ಮುಚ್ಚಿದ. ಗುನುಗಬಾರದು ಎಂದುಕೊಂಡರೂ ಗುನುಗು ಬಂತು, ಅದರ ಬೆನ್ನಿಗೆ ಸಾಲು ಬಂತು. ಹಾಡಿ ಮುಗಿಸಿ ಕಣ್ಣು ತೆರೆದ.

“ಅಂಗಾದ್ರೆ ವಿಜಯಣ್ಣ,” ಗಿರಿ ಕೇಳಿದ, “ನಾನು ಅವತ್ತು ಅತ್ತಿದ್ದು ನಿಮಗಾ?”

ಯಾರೂ ನಗಲಿಲ್ಲ. ಗಿರಿಗೆ ಸಿಟ್ಟು ಬರಬೇಕಿತ್ತು. ಬಂದಿತೋ ಇಲ್ಲವೋ ಅವನಿಗೇ ಗೊತ್ತಾಗಲಿಲ್ಲವೆಂದು ಕಾಣುತ್ತದೆ. ತಾರಸಿಗೆ ಬೀಗ ಹಾಕುವ ಮಾತು ಎತ್ತಲಿಲ್ಲ. ಹಾರ ಬೇಡ ಎನ್ನಲು ಹೂವಿನವನಿಗೆ ಫೋನು ಹಚ್ಚಿದವನು, ಮನಸ್ಸಾಗದೆ ಅರ್ಧಕ್ಕೇ ಇಟ್ಟುಬಿಟ್ಟ. ಆಲ್ಬಮ್ ಚೆನ್ನಾಗಿದೆಯೋ ಇಲ್ಲವೋ ಅದನ್ನಾದರೂ ಹೇಳಿ ಎಂದು ಫರ್ಹೀನ್ ಒತ್ತಾಯಿಸಿದಳು. ಗೊತ್ತಿಲ್ಲ ಎಂದ ವಿಜಯಕುಮಾರ. ಆ ಕುರ್ಚಿಯವನಿಂದ ಅಂಥ ಮಾತನ್ನು ಕೂಟ ಕೇಳಿರಲಿಲ್ಲ. ಇನ್ನೊಂದು ಸಲ ಕೇಳಿ ನೋಡೋಣ, ಬರುವ ವಾರವೂ ಬನ್ನಿ ಎಂದು ಗಿರಿಯೇ ಎಲ್ಲರನ್ನೂ ಕಳಿಸಿಕೊಟ್ಟ.

ಮರುದಿನ ಬೆಳಿಗ್ಗೆ ವಿಜಯಕುಮಾರನ ತಾಯಿ ಚನ್ನಕ್ಕ ಊರಿನಿಂದ ಬಂದಳು. ಇನ್ನುಮೇಲೆ ದೊಡ್ಡ ಮಗನ ಮನೆಯಲ್ಲಿ ಆರು ತಿಂಗಳು, ಇಲ್ಲಿ ಆರು ತಿಂಗಳು ಎಂದು ಅವಳದೊಂದು ಹೊಸ ಲೆಕ್ಕ. ಯಶವಂತಪುರದ ಸ್ಟೇಷನ್ನಿನಿಂದ ಕರೆತಂದು, ಚಹಾ ಕೊಟ್ಟು, ರೊಟ್ಟಿ ಚಟ್ನಿಪುಡಿಯ ಗಂಟುಗಳನ್ನು ಬಿಚ್ಚುತ್ತಿದ್ದಾಗ ಪ್ರತಿಭಾ ಅತ್ತೆಗೆ ಗಂಡನ ಪರಾಕ್ರಮವನ್ನೆಲ್ಲ ಹೇಳಿ ನಗಿಸಿದಳು. ಏನದು ಕೇಳಿಸು ಎಂದಳು ಚನ್ನಕ್ಕ. ವಿಜಯಕುಮಾರ ನಾಚಿಕೊಂಡೇ ಫೋನಿನಲ್ಲಿ ಆ ಸಾಲನ್ನು ಹಚ್ಚಿ ಅವಳ ಕಿವಿಯ ಹತ್ತಿರ ಹಿಡಿದ.

ಗುನುಗು ಕೇಳಿದ್ದೇ ತಡ ಚನ್ನಕ್ಕನ ಕೈ ರೊಟ್ಟಿಯ ಗಂಟಿನ ಮೇಲೆ ನಿಂತಿತು. ಸಾಲು ಮುಗಿಯಿತು. ಅವಳು ಸೆರಗನ್ನು ಸರಿಮಾಡಿಕೊಂಡು ಮಗನ ಮುಖ ನೋಡಿದಳು.

“ನಿಮ್ಮಪ್ಪನ ದನಿ ಯಾವಾಗ ಹಿಡದಿಟ್ಟಿದ್ದಿ?” ಅಂದಳು. “ಇಷ್ಟ ವರ್ಷ ನನಗ್ಯಾಕ ಕೇಳಸಲಿಲ್ಲ?”

ನಿನ್ನೆ ಅಷ್ಟು ಜನರ ಮುಂದೆ ಸತ್ಯ ಹೇಳಿಬಂದವನಿಗೆ ಇವತ್ತು ಅವ್ವನ ಮುಂದೆ ಬಾಯಿ ಬರಲಿಲ್ಲ. ಯಾವುದು ಸತ್ಯ ಎಂಬುದೇ ಅವನಿಗೆ ತಿಳಿಯದಾಗಿತ್ತು. ಅಜ್ಜುವಿನಿಂದ ಕಲಿತೆನೆಂದು ಇಷ್ಟು ಕಾಲ ನಂಬಿದ್ದ. ಮೇಳಕ್ಕೆ ಕೂರದೆ ಓಡಿಹೋಗಿದ್ದವನ ಮೂಗಿನೊಳಗೆ ಅಪ್ಪ ಯಾವಾಗ ಬಂದು ಕೂತರೋ ಅವನಿಗೆ ಗೊತ್ತೇ ಆಗಿರಲಿಲ್ಲ.

“ಇನ್ನೊಮ್ಮೆ ಹಚ್ಚು,” ಅಂದಳು ಚನ್ನಕ್ಕ.

ಅವನು ಹಚ್ಚಿದ.